ಉಂಗುರದಕ್ಕನ ಎದುರು ಮೇಜಿನಿಂದ

ದೇಹದೊಳಗಿನ ಒಂದು ದಾರಿಯನ್ನು ಇನ್ನೊಂದಕ್ಕೆ, ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ ಜೋಡಿಸುವ ಉಪಕರಣಗಳ ಕ್ಷೇತ್ರದಲ್ಲಿ ಇಂದು ಯಾರೇ ಕೈಯಿಟ್ಟರೂ, ನಮ್ಮ ಪ್ರಯೋಗಾಲಯದ ಉಂಗುರದಕ್ಕನವರು ಹಾಕಿಕೊಟ್ಟ ಹಾದಿಯನ್ನೇ ಮೊದಲು ತುಳಿಯಬೇಕಾಗುತ್ತದೆ ಎಂಬುದು ನಿರ್ವಿವಾದ. ಇದನ್ನು ಒಪ್ಪಿಕೊಳ್ಳಲು ಈ ಲೇಖನ ಬರೆಯುತ್ತಿರುವ ಸ್ಪ್ರಿಂಗಣ್ಣನಿಗೆ ಇಡೀ ವೃತ್ತಿಜೀವನವೇ ಬೇಕಾಯಿತು. ಈಗಲೂ ತುಂಬುಮನಸ್ಸಿನಿಂದ ಒಪ್ಪಿದ್ದಾನೆಂದು ಓದುಗರು ನಂಬಬೇಕಾಗಿಲ್ಲ. ಅಕ್ಕನವರ ನಿವೃತ್ತಿಗೆಂದು ಹೊರಬರುತ್ತಿರುವ ಈ ಅಭಿನಂದನ ಗ್ರಂಥದ ಸಂಪಾದಕಿ, ಅವರದೇ ಶಿಷ್ಯೆ, "ಸರ್, ನೀವು ಬರೀಲೇಬೇಕು. ಅವರನ್ನ ನಿಮ್ಮಷ್ಟು ಹತ್ತಿರದಿಂದ ನೋಡಿದೋರು ಇನ್ಯಾರಿದಾರೆ?" ಎಂದಾಗ ಅವನು ಹೂಂಗುಟ್ಟಿದ. ಹತ್ತಿರದಿಂದ ನೋಡಿದ್ದೇನೋ ನಿಜ. ಯಾವ ಕಣ್ಣಿನಿಂದ ಎಂದು ಆಕೆ ಕೇಳಲಿಲ್ಲ.

ಇಬ್ಬರೂ ಒಂದೇ ವಾರ ಕೆಲಸಕ್ಕೆ ಸೇರಿದವರು. ವಯಸ್ಸಿನಲ್ಲಿ ಅವರು ಒಂದು ವರ್ಷ ಹಿರಿಯರು. ಮೇಜುಗಳು ಎದುರುಬದುರು, ನಡುವೆ ಒಂದೇ ದೀಪ. ಹಿಡಿದ ಸಮಸ್ಯೆಯೂ ಒಂದೇ: ಜಠರದಿಂದ ಕರುಳಿಗೆ ಇಳಿಯುವ ಬಾಯಿ ಮುಚ್ಚಿಹೋದ ರೋಗಿಗೆ, ತುತ್ತು ಇಳಿಯಲು ಪಕ್ಕದಲ್ಲೊಂದು ಹೊಸ ದಾರಿ ತೆರೆಯುವುದು. ಅಕ್ಕನವರು ಅಯಸ್ಕಾಂತದ ಎರಡು ಉಂಗುರಗಳನ್ನು ಆರಿಸಿಕೊಂಡರು. ಒಂದನ್ನು ಗಂಟಲಿನಿಂದ ಇಳಿಸಿದ ಕೊಳವೆಯ ಮೂಲಕ ಜಠರಕ್ಕೂ ಇನ್ನೊಂದನ್ನು ಹೊಟ್ಟೆಯ ಸಣ್ಣ ತೂತಿನಿಂದ ಹಾಯಿಸಿದ ಕೊಳವೆಯ ಮೂಲಕ ಪಕ್ಕದ ಕರುಳಿಗೂ ಬಿಟ್ಟರೆ ಅವು ಪರಸ್ಪರ ಎಳೆದುಕೊಂಡು ನಡುವಿನ ಗೋಡೆಗಳನ್ನು ಒತ್ತಿ ಹಿಡಿಯುತ್ತವೆ. ಕೆಲವು ದಿನಗಳಲ್ಲಿ ಸುತ್ತಲಿನ ಅಂಚು ಬೆಸೆದುಕೊಂಡು, ಒತ್ತಿದ ಭಾಗ ಕಳಚಿ, ಉಂಗುರಗಳು ಮಲದ ಜೊತೆ ಹೊರಬಿದ್ದು, ದಾರಿ ಮಾತ್ರ ಉಳಿಯುತ್ತದೆ. ಅದೇ ಕೆಲಸಕ್ಕೆ ಸ್ಪ್ರಿಂಗಣ್ಣ ಸ್ಪ್ರಿಂಗಿನ ಚಿಮಟವೊಂದನ್ನು ಮಾಡಿದ. ಇಬ್ಬರ ಅಡ್ಡಹೆಸರುಗಳೂ ಅಲ್ಲಿಂದಲೇ ಬಂದವು. ಮೇಜಿನ ಮೇಲೆ ಅದು ಅರಳುವುದನ್ನು ನೋಡಿದವರು ಚಪ್ಪಾಳೆ ತಟ್ಟುತ್ತಿದ್ದರು. ಕೊಳವೆಯೊಳಗೆ ಮಾತ್ರ, ಹಾಳಾದ್ದು, ಸಿಕ್ಕಿಕೊಳ್ಳುತ್ತಿತ್ತು.

ಉಂಗುರಗಳು ಆಸ್ಪತ್ರೆಗಳಿಗೆ ಹೋದವು, ಚಿಮಟ ಗಾಜಿನ ಬೀರುವಿಗೆ ಹೋಯಿತು. ಅಂದಿನಿಂದ ಹೊಟ್ಟೆಯುರಿ ಶುರುವಾಯಿತು ನೋಡಿ! ಹೊರಗಿನಿಂದ ಬಂದವರು ಅಕ್ಕನವರ ಮೇಜಿನ ಮುಂದೆ ಗುಂಪುಗೂಡಿ, ಇವನಿಗೆ ಬೆನ್ನು ತೋರಿಸಿ ನಿಲ್ಲುತ್ತಿದ್ದರು. ಅವರ ದುಂಡಗಿನ ಅಕ್ಷರ, ಕಿರುಗುಟ್ಟದ ಕುರ್ಚಿ, ಕಿಟಕಿಯ ಪಕ್ಕದ ಜಾಗ, ಯಾವುದನ್ನು ಕಂಡರೂ ಇವನಿಗಾಗುತ್ತಿರಲಿಲ್ಲ. ಅಕ್ಕನವರು ಭಾಷಣಕ್ಕೆ ಎದ್ದು ನಿಂತರೆಂದರೆ ಸಾಕು, ಇವನು ಎದ್ದು ಕ್ಯಾಂಟೀನಿಗೆ ನಡೆಯುತ್ತಿದ್ದ. ಕ್ಯಾಂಟೀನಿನವನು ಲೋಟ ತೊಳೆಯುತ್ತಲೇ, "ಅಕ್ಕನ ಭಾಷಣಾನಾ ಸಾರ್? ಹಾಗಾದ್ರೆ ಎರಡು ಟೀ ಹಾಕ್ತೀನಿ," ಎನ್ನುತ್ತಿದ್ದ.

ಅವರ ಉಪಕಾರಗಳನ್ನೂ ಹೇಳಬೇಕು. ಸಂಪಾದಕಿಗೆ ಮಾತು ಕೊಟ್ಟಾಗಿದೆ. ಚಿಮಟವನ್ನು ಕೈಬಿಡಬೇಕೆಂದು ನಿರ್ದೇಶಕರು ಸಭೆಯಲ್ಲಿ ಗುಡುಗಿದಾಗ, "ತಪ್ಪು ಸ್ಪ್ರಿಂಗಿನದಲ್ಲ ಸರ್, ಕೊಳವೇದು," ಎಂದು ವಾದಿಸಿದ ಒಂದೇ ದನಿ ಅಕ್ಕನವರದು. ತಮ್ಮ ಕೆಲಸ ಬದಿಗಿಟ್ಟು ಎರಡು ತಿಂಗಳು ಆ ಕೊಳವೆಯ ಬಾಗನ್ನು ತಿದ್ದಿದರು. ಆಗಲೂ ಅದು ಸಿಕ್ಕಿಕೊಂಡಿತು. ಇವನಿಗೆ ಸಮಾಧಾನವೇ ಆಯಿತು. ಅವರ ಕೈಯಲ್ಲಿ ಸರಿಹೋಗಿದ್ದರೆ ಆ ಅವಮಾನವನ್ನು ತಡೆದುಕೊಳ್ಳುವುದಾದರೂ ಹೇಗೆ?

ಅವರದೊಂದು ಪದ್ಧತಿಯುಂಟು. ರೋಗಿಯ ದೇಹದಿಂದ ಹೊರಬಿದ್ದ ಪ್ರತಿ ಉಂಗುರವೂ ವಾಪಸು ಅವರ ಮೇಜಿಗೇ ಬರಬೇಕು. ಕುದಿಸಿ, ತೊಳೆದು, ಭೂತಗನ್ನಡಿಯ ಕೆಳಗಿಟ್ಟು ಅಂಚನ್ನು ಪರೀಕ್ಷಿಸದೆ ಮುಂದಿನದಕ್ಕೆ ಕೈಹಾಕುವವರಲ್ಲ. "ಥೂ, ಇದೆಂಥ ಕೆಲಸ!" ಎಂದು ಇವನು ಮೂಗು ಮುರಿಯುತ್ತಿದ್ದ.

ಎರಡು ವರ್ಷದ ಹಿಂದೆ ಸ್ಪ್ರಿಂಗಣ್ಣನ ಜಠರದ ಬಾಯಿಯೇ ಹಳೆಯ ಹುಣ್ಣಿನಿಂದ ಮುಚ್ಚಿಹೋಯಿತು. ಗುಟುಕು ನೀರೂ ನಿಲ್ಲದೆ ವಾಂತಿಯಾಗುತ್ತಿತ್ತು. ಬೆಲ್ಟಿಗೆ ಹೊಸ ತೂತು ಕೊರೆಯಬೇಕಾಯಿತು. ದೊಡ್ಡ ಶಸ್ತ್ರಕ್ರಿಯೆಯನ್ನು ಅವನ ಹೃದಯ ತಾಳದೆಂದ ವೈದ್ಯರು, "ಉಂಗುರ ಹಾಕೋಣ," ಎಂದರು.

"ಬೇರೆ ಏನೂ ಇಲ್ವಾ?"

"ಇಲ್ಲ ಸರ್. ಹೀಗೇ ಬಿಟ್ರೆ ಉಳಿಯಲ್ಲ."

ಅವನು ಗೋಡೆಯ ಕಡೆ ತಿರುಗಿ ಮಲಗಿದ. ಹೆಂಡತಿಗೆ ರೇಗಿತು. "ನಿಮ್ಮ ಜೀವ ದೊಡ್ಡದೋ, ಹಟ ದೊಡ್ಡದೋ? ಬಾಯಿಬಿಟ್ಟು ಹೇಳ್ರೀ!" ಅವನು ಒಪ್ಪಿಗೆಪತ್ರಕ್ಕೆ ಸಹಿ ಹಾಕಿದ, ನಾಚಿಕೆಯಾಗುವಷ್ಟು ತಡಮಾಡಿ.

ಉಂಗುರ ಹಾಕಿದರು. ಅಕ್ಕನವರು ದಿನಾ ಸಂಜೆ ಬಂದು ಹಾಸಿಗೆಯ ಪಕ್ಕ ಕೂರುತ್ತಿದ್ದರು, ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ಬಂತೇನಯ್ಯಾ?" ಕಡೆಗೊಂದು ಬೆಳಿಗ್ಗೆ ಬಂತು. ಅಂದೇ ಇವನು ಮೆತ್ತಗಿನ ಅನ್ನ ಉಂಡ. ಅದು ಒಳಗೇ ನಿಂತಿತು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಇವನೋ, ಉಂಗುರಗಳನ್ನು ತಾನೇ ತೊಳೆದು ತನ್ನದೇ ಭೂತಗನ್ನಡಿಯ ಕೆಳಗಿಟ್ಟ. ಇಟ್ಟದ್ದು ತಪ್ಪು ಹುಡುಕಲಿಕ್ಕೆ. ಸಿಕ್ಕಿಯೂ ಸಿಕ್ಕಿತು! ಎರಡೂ ಉಂಗುರಗಳು ನಡುಭಾಗದಲ್ಲಿ ಬಿಗಿಯಾಗಿ ಕೂಡುತ್ತಿದ್ದವು, ಹೊರಅಂಚಿನಲ್ಲಿ ಮಾತ್ರ ಕೂಡದೆ ಸಂದು ಬಿಟ್ಟಿದ್ದವು. ಎಷ್ಟೋ ವರ್ಷಗಳಲ್ಲಿ ಕಾಣದ ಆನಂದದಿಂದ ಅವನು ಕೋಲೂರಿಕೊಂಡೇ ಪ್ರಯೋಗಾಲಯಕ್ಕೆ ಹೋದ. "ಅಕ್ಕಾ, ನೋಡಿ ಇಲ್ಲಿ! ಅಂಚು ಸವೆದುಹೋಗಿದೆ. ಸರಿಯಾಗಿ ಕೂಡೋದೇ ಇಲ್ಲ."

ಅವರು ನೋಡಲೇ ಇಲ್ಲ. ಕನ್ನಡಕ ತೆಗೆದು ಇವನ ಮುಖವನ್ನೇ ದಿಟ್ಟಿಸಿದರು. "ಸವೆದಿಲ್ಲ ಕಣಯ್ಯ, ನಾನೇ ಇಳಿಜಾರು ಮಾಡಿಸಿರೋದು. ಕರುಳಿಗೆ ಗಾಯ ಆಗಬಾರದು ಅಂತ ನಿನ್ನ ಚಿಮಟದ ತುದೀನ ನೀನೇ ಅರ ಹಾಕಿ ಉಜ್ಜಿದ್ದೆಯಲ್ಲ, ಅದೇ ಇದು. ನಡುವೆ ಬಿಗಿ, ಅಂಚಲ್ಲಿ ಸಡಿಲ. ಅದಕ್ಕೆ ಮುಂಚೆ ನನ್ನ ಉಂಗುರ ಬೆಸುಗೆ ಕೂಡೋ ಮೊದಲೇ ಕರುಳಿನ ಗೋಡೇನ ಹರಿದುಬಿಡ್ತಿತ್ತು. ಪ್ರತಿ ಭಾಷಣದಲ್ಲೂ ನಿನ್ನ ಹೆಸರು ಹೇಳ್ತೀನಿ. ನೀನು ಯಾವತ್ತು ಕೂತು ಕೇಳಿದೀಯಾ?"

ಸ್ಪ್ರಿಂಗಣ್ಣ ಅಲ್ಲಿದ್ದ ಕುರ್ಚಿಯಲ್ಲಿ ಕುಸಿದ. ಅದು ಅವರ ಕುರ್ಚಿ, ಕಿರುಗುಟ್ಟಲಿಲ್ಲ. ತನ್ನ ಕೈಯ ಕೆಲಸವೇ ತನ್ನ ಹೊಟ್ಟೆಯೊಳಗೆ ಹೋಗಿ ತನ್ನನ್ನು ಉಳಿಸಿತ್ತು, ಅದನ್ನು ಗುರುತಿಸಲೂ ಅವನಿಗಾಗಿರಲಿಲ್ಲ. ಅವರು ಕದ್ದಿದ್ದರೆ ಬಾಯಿತುಂಬ ಬೈಯಬಹುದಿತ್ತು. ಊರಿಗೆಲ್ಲ ಹೇಳಿಯೇ ತೆಗೆದುಕೊಂಡಿದ್ದರು. ಅಯ್ಯೋ, ಒಳ್ಳೆಯತನದಲ್ಲೂ ಇವರೇ ಮುಂದೆ ಎಂದು ಅವನ ಹೊಟ್ಟೆ ಮತ್ತೊಮ್ಮೆ ಉರಿಯಿತು.

ಅಕ್ಕನವರು ನಿವೃತ್ತರಾಗುತ್ತಿದ್ದಾರೆ. ಇವನಿಗೆ ಇನ್ನೂ ಒಂದು ವರ್ಷ ಕೆಲಸವಿದೆ. ಕಿಟಕಿಯ ಪಕ್ಕದ ಜಾಗ ಇವನಿಗೇ ಎಂದು ಕಚೇರಿಯವರು ಹೇಳಿದ್ದಾರೆ. ಬೇಡವೆಂದಿದ್ದಾನೆ. ಆ ಕುರ್ಚಿ ಎದುರಿಗೇ ಇರಲಿ, ಅವರು ಆಗಾಗ ಬಂದು ಕೂರಲಿ, ಮಕ್ಕಳ ಕಿರಿದಾದ ಕರುಳಿಗೂ ಹೊಂದುವ ಉಂಗುರವೆಂಬ ಅವರ ಅರ್ಧಕ್ಕೆ ನಿಂತ ಕೆಲಸ ಪೂರ್ತಿಯಾಗಲಿ. ಆಯುಸ್ಸು, ಆರೋಗ್ಯ, ಇವನನ್ನು ಇನ್ನಷ್ಟು ಕಾಲ ಉರಿಸುವ ಶಕ್ತಿ, ಎಲ್ಲವೂ ಅವರಿಗೆ ಧಾರಾಳವಾಗಿ ಒದಗಲಿ. ಬೀಳ್ಕೊಡುಗೆಯ ದಿನ ಅವರು ಮಾತಿಗೆ ಎದ್ದು ನಿಂತಾಗ ಸ್ಪ್ರಿಂಗಣ್ಣ ಮೊದಲ ಸಾಲಿನಲ್ಲಿ ಕೂತಿರುತ್ತಾನೆ. ಅಂದು ಟೀ ಮಾಡುವುದು ಬೇಡವೆಂದು ಕ್ಯಾಂಟೀನಿನವನಿಗೆ ಈಗಾಗಲೇ ಹೇಳಿಯಾಗಿದೆ.