ಮೌಲಾಸಾಬರ ಹನ್ನೊಂದು ಟ್ಯೂನ್‌ಗಳು

ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ಟೆಕ್ನಿಷಿಯನ್ ಆಗಿದ್ದು ನಿವೃತ್ತನಾದ ಮೂರನೆಯ ವರ್ಷ ಅದು. ಕೊರೋನಾ ಮುಗಿದು ಮದುವೆಗಳು ಮತ್ತೆ ಶುರುವಾಗಿದ್ದವು. ರಾಣೆಬೆನ್ನೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಕೀಬೋರ್ಡ್, ಎಲೆಕ್ಟ್ರಾನಿಕ್ ತಬಲಾ, ಶ್ರುತಿಪೆಟ್ಟಿಗೆ ರಿಪೇರಿ ಮಾಡುತ್ತಿದ್ದೆ. ಹಾವೇರಿ ಜಿಲ್ಲೆಯಲ್ಲಿ ಈ ಕೆಲಸಕ್ಕೆ ನಾನೊಬ್ಬನೇ ಎಂಬ ಸೊಕ್ಕೂ ಇತ್ತು.

ಬ್ಯಾಡಗಿಯ ಮೌಲಾಸಾಬರು ಹೆಂಡತಿ ಮಮತಾಜಬಿಯೊಂದಿಗೆ ಆಟೋದಲ್ಲಿ ಕೀಬೋರ್ಡ್ ತಂದರು. ಮದುವೆ ಆರ್ಕೆಸ್ಟ್ರಾಗಳಲ್ಲಿ ಇಪ್ಪತ್ತು ವರ್ಷ ನುಡಿಸಿದವರು. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಅರವತ್ತೊಂದು ಕೀಗಳಲ್ಲಿ ಒಂಬತ್ತು ಸದ್ದು ಮಾಡುತ್ತಿರಲಿಲ್ಲ.

"ಇದರ ಮೆಮೊರಿಯೊಳಗ ನಾ ಕಟ್ಟಿದ ಹನ್ನೊಂದು ಟ್ಯೂನ್ ಅದಾವ್ರಿ ಸರ. ಎಲ್ಲೂ ಬರದಿಟ್ಟಿಲ್ಲ. ಈ ಕೈಲೆ ಇನ್ನ ಬಾರಿಸಾಕ ಆಗೂದಿಲ್ಲ. ಮಗಳು ಅವನ್ನ ಕೇಳಿ ಕಲೀಲಿ ಅಂತ ರಿಪೇರಿ ಮಾಡಸಾಕತ್ತೇನಿ. ಜ್ವಾಕಿರಿ," ಎಂದರು.

"ಆತ್ರಿ," ಎಂದೆ. ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಬಿಚ್ಚಿದರೆ ಕೀಗಳ ಕೆಳಗಿನ ರಬ್ಬರ್ ಪಟ್ಟಿಯ ತುಂಬ ಕೆಂಪು ಧೂಳು, ಮೆಣಸಿನಕಾಯಿ ಘಾಟು. ಸೀನುತ್ತಲೇ ಕಾಂಟ್ಯಾಕ್ಟುಗಳನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಒಂಬತ್ತೂ ಕೀ ಮಾತಾಡಿದವು. ಅಲ್ಲಿಗೆ ಕೈ ತೊಳೆದುಕೊಳ್ಳಬೇಕಿತ್ತು. ಆದರೆ ಬಿಚ್ಚಿದ ಯಂತ್ರದ ಹಳೆಯ ಸೆಲ್ಲನ್ನು ಅದು ಸಾಯುವ ಮೊದಲೇ ಬದಲಿಸಬೇಕೆಂಬುದು ನಮ್ಮ ಎಕ್ಸ್‌ಚೇಂಜಿನ ಶಿಸ್ತು. ಬೋರ್ಡಿನ ಮೇಲೆ ಬಟನ್‌ನಷ್ಟು ಅಗಲದ ಮೂರು ವೋಲ್ಟಿನ ಸೆಲ್ ಇತ್ತು. ಕರೆಂಟ್ ಇಲ್ಲದಾಗ ಮೆಮೊರಿಯನ್ನು ಹಿಡಿದಿಡುವುದು ಅದೊಂದೇ. ಪ್ಲಗ್ ತೆಗೆದಿಟ್ಟಿದ್ದ ಕೀಬೋರ್ಡಿನಿಂದ ಅದನ್ನು ಕಿತ್ತು, ಹೊಸದನ್ನು ಬೆಸುಗೆ ಹಾಕಿ, ಸ್ವಿಚ್ ಒತ್ತಿದೆ. ಹನ್ನೊಂದು ಜಾಗವೂ ಖಾಲಿ. ಆಫ್ ಮಾಡಿ ಮತ್ತೆ ಒತ್ತಿದೆ, ಆಗಲೂ ಖಾಲಿ.

ನಾಲ್ಕನೆಯ ದಿನ ಗಂಡ ಹೆಂಡತಿ ಬಂದರು. ನಾನು ಮಾತು ಜೋಡಿಸಿಕೊಂಡಿದ್ದೆ. "ಸೆಲ್ ಮೊದಲ ಸತ್ತಿತ್ರಿ. ನನ್ನ ಕೈಗೆ ಬರೂದ್ರೊಳಗ ಮೆಮೊರಿ ಹೋಗಿತ್ತು," ಎಂದೆ.

ಮೌಲಾಸಾಬರು ಕುಸಿದು ಕುಳಿತರು. ಮಮತಾಜಬಿ ಮಾತ್ರ ಮೆಲ್ಲಗೆ ಹೇಳಿದರು: "ಇಲ್ರಿ ಸರ. ಇಲ್ಲಿಗೆ ತರೂ ದಿನ ಮುಂಜಾನೆ ನಾನ ಹಚ್ಚಿದ್ನಿ. ಹನ್ನೊಂದೂ ಕೇಳೇನ್ರಿ."

ಮೌಲಾಸಾಬರು ಗಕ್ಕನೆ ಆಕೆಯತ್ತ ತಿರುಗಿದರು. "ನೀ ಹಚ್ಚಿದ್ದೇನು? ಏನ್ ಒತ್ತೀದಿ?" ಆಮೇಲೆ ನನ್ನನ್ನು ಕೇಳಿದರು: "ತಪ್ಪು ಬಟನ್ ಒತ್ತಿದ್ರ ಅಳಸತಾವೇನ್ರಿ ಸರ?"

"ಅಳಸತಾವ್ರಿ," ಎಂದೆ. ಯಂತ್ರದ ಮಟ್ಟಿಗೆ ಅದು ನಿಜ.

"ನನ್ನ ಕೈ ಹೋತು ಅಂತ ನನ್ನ ಟ್ಯೂನೂ ತಿಂದೆಲ್ಲ! ಇನ್ನ ಇದನ್ನ ಮುಟ್ಟಬ್ಯಾಡ," ಎಂದು ಬೀದಿಗೆ ಕೇಳುವಂತೆ ಕೂಗಿದರು. ಆಕೆ ನನ್ನ ಮುಖ ನೋಡಿದರು. ಆಕೆಗೆ ಎಲ್ಲ ತಿಳಿದಿತ್ತು. ನಾನು ಸ್ಕ್ರೂಡ್ರೈವರ್ ಒರೆಸುತ್ತ ಕುಳಿತೆ. ಮುಟ್ಟಬೇಡ ಎಂದವರಿಗೆ ಎತ್ತುವ ಶಕ್ತಿ ಇರಲಿಲ್ಲ. ಕೀಬೋರ್ಡನ್ನು ಆಕೆಯೇ ಹೊತ್ತು ಆಟೋದಲ್ಲಿಟ್ಟರು.

ಈಗ ಯಾವ ವಾದ್ಯ ಬಂದರೂ ಒಳಗೇನಿದೆ ಎಂದು ಕೇಳಿ ಚೀಟಿ ಬರೆದು ಅಂಟಿಸುತ್ತೇನೆ. ಬೇರೆ ಸಪ್ಲೈ ಕೊಡದೆ ಸೆಲ್ ಕೀಳುವುದಿಲ್ಲ. ಈ ಕಸುಬು ಕಲಿಸಿದ ಇನ್ನೊಂದು ಪಾಠ ಹೇಳಲು ನಾಚಿಕೆಯಾಗುತ್ತದೆ: ಜನ ಜೊತೆಗೆ ಬಾಳಿದವಳಿಗಿಂತ ಯಂತ್ರ ಬಿಚ್ಚುವವನನ್ನು ಹೆಚ್ಚು ನಂಬುತ್ತಾರೆ, ಆ ನಂಬಿಕೆಯ ಹಿಂದೆ ಅಡಗಿಕೊಳ್ಳುವುದು ಬಹಳ ಸುಲಭ. ಬ್ಯಾಡಗಿಗೆ ಹೋಗಿ ನಿಜ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ, ಹೋಗಲಿಲ್ಲ.

ಮೌಲಾಸಾಬರು ಇಂದಿಗೂ ನನಗೆ ಗಿರಾಕಿ ಕಳಿಸುತ್ತಾರೆ. ಹೋದ ತಿಂಗಳು ಬಂದವನೊಬ್ಬ ತನ್ನ ಕೀಬೋರ್ಡನ್ನು ಮೇಜಿನ ಮೇಲಿಟ್ಟು, "ನೀವು ಖರೇ ಮಾತಾಡೋ ಮನಷ್ಯಾ ಅಂತ ಹೇಳ್ಯಾರ್ರಿ," ಎಂದ. "ಕುಂದ್ರಿ," ಎಂದು ಚೀಟಿ ತೆಗೆದುಕೊಂಡೆ.