ನಿಧಾನಪ್ಪನ ಕಪ್ಪು ಕಿಟಕಿ

ಅವರ ನಿಜವಾದ ಹೆಸರು ನಮ್ಮ ಆಫೀಸಿನ ಹಾಜರಿ ಯಂತ್ರಕ್ಕೆ ಮಾತ್ರ ಗೊತ್ತಿತ್ತು. ಮಿಕ್ಕವರಿಗೆಲ್ಲ ಅವರು ನಿಧಾನಪ್ಪ. ಕಂಪ್ಯೂಟರುಗಳು ಯಾಕೆ ನಿಧಾನವಾಗುತ್ತವೆ ಎಂದು ಪತ್ತೆ ಹಚ್ಚುವುದು ಅವರ ಕೆಲಸ. ಜೊತೆಗೆ ಅವರು ನಡೆಯುವುದು, ಉಣ್ಣುವುದು, ಮಾತಿಗೆ ಉತ್ತರ ಕೊಡುವುದು ಎಲ್ಲವೂ ನಿಧಾನವೇ. ಹೆಸರಿಟ್ಟವಳು ನಾನೇ. ಅದು ಅವರಿಗೂ ಗೊತ್ತಿತ್ತು, ಬೇಜಾರು ಮಾಡಿಕೊಂಡಿರಲಿಲ್ಲ.

ನಮ್ಮದು ಆಂಬುಲೆನ್ಸ್ ಕಳಿಸುವ ಆಫೀಸು. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಸಾಲಾಗಿ ಕೂತಿರುತ್ತೇವೆ. ಕರೆ ಬಂದ ಕೂಡಲೇ ವಿಳಾಸ ಟೈಪ್ ಮಾಡಿ ಗುಂಡಿ ಒತ್ತಿದರೆ, ಹತ್ತಿರದ ಗಾಡಿ ಯಾವುದೆಂದು ಪರದೆ ಹೇಳಬೇಕು. ಹೇಳುತ್ತಿತ್ತು, ಅದಕ್ಕೆ ಮನಸ್ಸು ಬಂದಾಗ. ಎಷ್ಟೋ ಸಲ ಹ್ಯಾಂಗ್ ಆಗಿ ನಿಂತುಬಿಡುತ್ತಿತ್ತು. ಕಿವಿಯೊಳಗೆ ಯಾರದೋ ಮಗಳು ಅಳುತ್ತಿರುತ್ತಾಳೆ, ಕಣ್ಣೆದುರು ಬಿಳಿ ಚಕ್ರವೊಂದು ಗಿರಗಿರ ತಿರುಗುತ್ತಿರುತ್ತದೆ. ಆ ಚಕ್ರವನ್ನು ಕಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ದೂರು ಕೊಟ್ಟರೆ ಸಾಹೇಬರು "ನೋಡೋಣ, ಮಾಡೋಣ" ಎಂದು ಸಾಗಹಾಕುತ್ತಿದ್ದರು. ನಿಧಾನಪ್ಪ ಮಾತ್ರ ಕುರ್ಚಿ ಎಳೆದುಕೊಂಡು ಬಂದು ಕೂರುತ್ತಿದ್ದರು. "ಯಾವಾಗ ನಿಲ್ತಮ್ಮ? ಆಗ ಏನು ಒತ್ತಿದ್ರಿ? ಪಕ್ಕದವರದ್ದೂ ನಿಂತಿತ್ತಾ?" ನಮ್ಮನ್ನು ಹೀಗೆ ಕೂರಿಸಿ ಕೇಳಿದ ಮನುಷ್ಯ ಆ ಆಫೀಸಿನಲ್ಲಿ ಇನ್ನೊಬ್ಬರಿಲ್ಲ.

ಅವರ ಕಂಪ್ಯೂಟರಿನಲ್ಲಿ ಸದಾ ತೆರೆದಿರುತ್ತಿದ್ದುದು ಒಂದು ಕಪ್ಪು ಕಿಟಕಿ. ಅದರಲ್ಲಿ ಚಿತ್ರವಿಲ್ಲ, ಗುಂಡಿಯಿಲ್ಲ. ಮೌಸ್ ಒಂದು ಮೂಲೆಯಲ್ಲಿ ಧೂಳು ತಿನ್ನುತ್ತ ಬಿದ್ದಿರುತ್ತಿತ್ತು. ಅವರು ಒಂದು ಸಾಲಿನ ಕಮಾಂಡ್ ಟೈಪ್ ಮಾಡಿದರೆ, ನಮ್ಮೆಲ್ಲರ ಪರದೆಗಳನ್ನು ನಡೆಸುವ ಸರ್ವರಿನೊಳಗೆ ಯಾವ ಪ್ರೋಗ್ರಾಮು ಯಾವಾಗ ಓಡಿತು, ಯಾವುದು ಯಾವುದಕ್ಕಾಗಿ ಕಾದು ನಿಂತಿತು ಎಂಬುದೆಲ್ಲ ಒಂದು ಫೈಲಿನಲ್ಲಿ ದಾಖಲಾಗುತ್ತ ಹೋಗುತ್ತಿತ್ತು. ಅದನ್ನು ಟ್ರೇಸ್ ಎನ್ನುತ್ತಿದ್ದರು. ಆಮೇಲೆ ಇನ್ನೊಂದು ಕಮಾಂಡ್ ಕೊಟ್ಟರೆ ಆ ಫೈಲನ್ನೆಲ್ಲ ಸೋಸಿ, ಯಾವ ಪ್ರೋಗ್ರಾಮು ಹೆಚ್ಚು ಹೊತ್ತು ತಿಂದಿತೋ ಅದನ್ನು ಮೇಲಿನ ಸಾಲಿನಲ್ಲಿ ತೋರಿಸುತ್ತಿತ್ತು.

"ಊಹೆ ಯಾಕಮ್ಮ ಮಾಡ್ಬೇಕು? ಅದೇ ಹೇಳುತ್ತೆ, ಕೇಳಿಸ್ಕೊಳ್ಳೋಣ" ಎನ್ನುತ್ತಿದ್ದರು.

ಈ ದಾಖಲೆಯ ಕೆಲಸವೂ ಸರ್ವರಿಗೆ ಹೊರೆಯೇ. ಅದು ಬರೆದಷ್ಟೂ ಡಿಸ್ಕ್ ತುಂಬುತ್ತದೆ, ಪೂರ್ತಿ ತುಂಬಿದರೆ ಎಲ್ಲ ಕೆಲಸವೂ ನಿಂತುಹೋಗುತ್ತದೆ. ಅದಕ್ಕೇ ಕಮಾಂಡಿನ ಕೊನೆಯಲ್ಲಿ ಎಷ್ಟು ಹೊತ್ತು ದಾಖಲಿಸಬೇಕೆಂದು ಬರೆಯುವುದು ಅವರ ಪದ್ಧತಿ. ಆ ಹೊತ್ತು ಮುಗಿದರೆ ತಾನಾಗಿಯೇ ನಿಲ್ಲುತ್ತದೆ. ಬರೆಯದಿದ್ದರೆ ಯಾರಾದರೂ ಬಂದು ನಿಲ್ಲಿಸುವವರೆಗೂ ಓಡುತ್ತಲೇ ಇರುತ್ತದೆ. "ಸಾಹೇಬರ ಭಾಷಣಕ್ಕಿಂತ ಇದು ವಾಸಿ, ಟೈಮ್ ಹೇಳಿದ್ರೆ ನಿಲ್ಲುತ್ತೆ" ಎಂದು ಒಮ್ಮೆ ಪಿಸುಗುಟ್ಟಿ ನನ್ನನ್ನು ನಗಿಸಿದ್ದರು.

ತೊಂದರೆ ಏನೆಂದರೆ, ಅವರು ದಾಖಲಿಸುವಾಗ ಹ್ಯಾಂಗ್ ಆಗುತ್ತಿರಲಿಲ್ಲ, ನಿಲ್ಲಿಸಿ ಎದ್ದುಹೋದ ಮೇಲೆ ಆಗುತ್ತಿತ್ತು. ವಾರಗಟ್ಟಲೆ ಹೀಗೇ ಕಣ್ಣಾಮುಚ್ಚಾಲೆ. ಕೊನೆಗೆ ಒಂದು ಬೆಳಗ್ಗೆ ಅವರಿಗೂ ಹಟ ಬಂತು.

"ಇವತ್ತು ಟೈಮೇ ಹಾಕಲ್ಲ. ಅದು ಬರೋವರೆಗೂ ಓಡ್ಲಿ. ನಾನಿಲ್ಲೇ ಕೂತಿರ್ತೀನಿ, ಡಿಸ್ಕ್ ತುಂಬೋ ಹಾಗಾದ್ರೆ ನಿಲ್ಲಿಸ್ತೀನಿ."

ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತರು. ಬೆಳಗ್ಗೆಯೇ ಒಮ್ಮೆ ಹ್ಯಾಂಗ್ ಆಯಿತು. ನಾನು ಕೈ ಎತ್ತಿ ತೋರಿಸಿದೆ. ಅವರ ಮುಖ ಅರಳಿತು. ಇನ್ನೊಂದು ಸಲ ಸಿಕ್ಕರೆ ಖಾತ್ರಿಯಾಗುತ್ತದೆ ಎಂದು ಹಾಗೇ ಬಿಟ್ಟರು. ಅಷ್ಟರಲ್ಲಿ ಸಾಹೇಬರು ಬಾಗಿಲಲ್ಲಿ ಕಾಣಿಸಿಕೊಂಡರು. ಮೇಲಿನವರು ಬಂದು ಕೂತಿದ್ದಾರೆ, ಮೀಟಿಂಗ್ ಕೋಣೆಯ ದೊಡ್ಡ ಪರದೆಯಲ್ಲಿ ಏನೂ ಮೂಡುತ್ತಿಲ್ಲ.

"ಬೇಗ ಬನ್ರೀ, ನನ್ನ ಮಾನ ಹೋಗುತ್ತೆ!"

ನಿಧಾನಪ್ಪ ಹೋದರು. ವೈರು ಸಡಿಲವಾಗಿತ್ತಷ್ಟೆ. ಅದನ್ನು ಸಿಕ್ಕಿಸಿ ಹೊರಟವರನ್ನು ಸಾಹೇಬರು ಕೈಸನ್ನೆ ಮಾಡಿ ಕೂರಿಸಿದರು, ಮತ್ತೆ ಕೈಕೊಟ್ಟರೆ ಇರಲಿ ಎಂದು. ಗಾಜಿನ ಗೋಡೆಯಾಚೆ ಅವರು ಕುರ್ಚಿಯ ತುದಿಯಲ್ಲಿ ಕೂತಿದ್ದುದು ನನಗೆ ಕಾಣುತ್ತಿತ್ತು.

ಆಗಲೇ ಆ ಕರೆ ಬಂದದ್ದು. ಒಬ್ಬ ಗಂಡಸು. ಅಮ್ಮನಿಗೆ ಉಸಿರಾಡಲು ಆಗುತ್ತಿಲ್ಲ ಎಂದ. ವಿಳಾಸ ಟೈಪ್ ಮಾಡಿ ಗುಂಡಿ ಒತ್ತಿದೆ. ಚಕ್ರ. ಮತ್ತೆ ಒತ್ತಿದೆ. ಚಕ್ರ. ಸುತ್ತಲೂ ಎಲ್ಲರ ಪರದೆಯಲ್ಲೂ ಅದೇ ಚಕ್ರ, ಈ ಸಲ ಅದು ಬಿಡಲೇ ಇಲ್ಲ. ವಿಳಾಸವನ್ನು ಅಂಗೈ ಮೇಲೆ ಬರೆದುಕೊಂಡು ನನ್ನ ಮೊಬೈಲಿನಿಂದ ಡ್ರೈವರುಗಳಿಗೆ ಒಬ್ಬರಾದ ಮೇಲೊಬ್ಬರಂತೆ ಫೋನ್ ಮಾಡಿದೆ. ಗಾಡಿ ಆ ಮನೆ ಮುಟ್ಟುವಷ್ಟರಲ್ಲಿ, ಮಗ ತಾನೇ ಅಮ್ಮನನ್ನು ಎತ್ತಿಕೊಂಡು ಕೆಳಗಿಳಿಯುತ್ತಿದ್ದ. ಮೆಟ್ಟಿಲ ಮೇಲೆಯೇ ಆಕೆಯ ಜೀವ ಹೋಯಿತು. ಲೈನ್ ಇನ್ನೂ ಇತ್ತು. "ಇನ್ನು ಬೇಡ ಬಿಡಿ ಮೇಡಂ" ಎಂದ ಅವನು. ಬೈದಿದ್ದರೂ ನನಗೆ ಅಷ್ಟು ನೋವಾಗುತ್ತಿರಲಿಲ್ಲ.

ಪೇಪರಿನಲ್ಲಿ ಬಂತು, ವಿಚಾರಣೆ ಶುರುವಾಯಿತು. ಗೂಬೆ ಕೂರಿಸಲು ಒಂದು ತಲೆ ಬೇಕಿತ್ತು, ನನ್ನದು ಹತ್ತಿರದಲ್ಲಿತ್ತು. "ಗಾಬರೀಲಿ ಏನೋ ತಪ್ಪು ಒತ್ತಿರ್ತೀಯ, ನೆನಪು ಮಾಡ್ಕೋ" ಎಂದರು ಸಾಹೇಬರು, ಬಹಳ ಮೃದುವಾಗಿ. ಕೆಲಸ ಹೋಗುವ ಭಯ ಒಂದು ಕಡೆ. ಅದಕ್ಕಿಂತ ಕೆಟ್ಟದ್ದೆಂದರೆ, ನನಗೇ ಅನುಮಾನ ಶುರುವಾಗಿತ್ತು. ಮನೆಯಲ್ಲಿ ಅನ್ನ ಕಲಸುವಾಗಲೂ ನನ್ನ ಬೆರಳುಗಳನ್ನೇ ನೋಡುತ್ತಿದ್ದೆ. "ನೀನಲ್ಲ ಕಣೆ" ಎಂದು ನನ್ನ ಗಂಡ ಎಷ್ಟು ಹೇಳಿದರೂ ಅವನ ಮಾತಿಗೆ ಸಾಕ್ಷಿ ಎಲ್ಲಿತ್ತು?

ನಿಧಾನಪ್ಪ ನನ್ನನ್ನು ತಮ್ಮ ಮೇಜಿನ ಹತ್ತಿರ ಕರೆದರು. ಕಪ್ಪು ಕಿಟಕಿಯಲ್ಲಿ ಆ ದಿನದ ಟ್ರೇಸ್ ತೆರೆದಿತ್ತು. ಅವರು ಮೇಲಿನ ಸಾಲನ್ನೇ ಮತ್ತೆ ಮತ್ತೆ ಓದುತ್ತಿದ್ದರು.

"ಏನಣ್ಣಾ?" ಎಂದೆ.

"ನೀವು ಒತ್ತಿದ್ದು ಆ ಕ್ಷಣವೇ ಸರ್ವರಿಗೆ ಮುಟ್ಟಿದೆ ಕಣಮ್ಮ. ನಿಮ್ದೇನೂ ತಪ್ಪಿಲ್ಲ. ಪ್ರೋಗ್ರಾಮು ಡಿಸ್ಕಿಗೆ ಕಾಯ್ತಾ ನಿಂತಿದೆ. ಡಿಸ್ಕನ್ನ ಹಿಡ್ಕೊಂಡಿದ್ದು ಇದು." ಅವರ ಬೆರಳು ಮೇಲಿನ ಸಾಲಿನ ಮೇಲಿತ್ತು. "ಇದು ನಂದೇ ಟ್ರೇಸು. ತುಂಬೋವರೆಗೂ ಬರೆದಿದೆ."

ಹಳೆಯ ಫೈಲುಗಳನ್ನು ಅವರು ಅಳಿಸುವುದನ್ನು ಎಷ್ಟೋ ಸಲ ನೋಡಿದ್ದೆ. ಚಿಟಿಕೆ ಹೊಡೆಯುವಷ್ಟು ಹೊತ್ತು ಸಾಕು. ಇದನ್ನು ಅಳಿಸಿದರೆ ಕೇಳುವವರೂ ಇರಲಿಲ್ಲ. ಅವರು ಅದೇ ಕಮಾಂಡನ್ನು ಇನ್ನೊಮ್ಮೆ ನಿಧಾನವಾಗಿ ಟೈಪ್ ಮಾಡಿದರು. ಬೇರೆ ಉತ್ತರವೇನೂ ಬರಲಿಲ್ಲ. ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಂಡು ವಿಚಾರಣೆಯ ಕೋಣೆಗೆ ಹೋದರು.

"ನಾನು ಶುರು ಮಾಡ್ದೆ, ನಾನು ನಿಲ್ಲಿಸ್ಲಿಲ್ಲ." ಅಲ್ಲಿ ಅವರು ಹೇಳಿದ್ದು ಇಷ್ಟೇ. ಸಾಹೇಬರು ಮೇಜಿನ ಮೇಲಿನ ನೀರಿನ ಲೋಟವನ್ನೇ ನೋಡುತ್ತಿದ್ದರಂತೆ.

ಹೊರಗೆ ಬಂದವರನ್ನು ತರಾಟೆಗೆ ತೆಗೆದುಕೊಂಡೆ. "ಸಾಹೇಬ್ರು ಎಳ್ಕೊಂಡು ಹೋದ್ರು ಅಂತ ಯಾಕೆ ಹೇಳ್ಲಿಲ್ಲ? ಬಾಯಿಗೆ ಬೀಗ ಹಾಕಿದ್ರಾ?"

"ಟೈಮ್ ಹಾಕದೆ ಬಿಟ್ಟಿದ್ದು ನಾನಲ್ವೇನಮ್ಮ?"

ನಾನೇ ಒಳಗೆ ಹೋಗಿ ಹೇಳಿದೆ. ವಿಚಾರಣೆಯವರು ಬರೆದುಕೊಂಡರು. ಆ ಮಾತು ವರದಿಯಲ್ಲಿ ಎಲ್ಲೂ ಬರಲಿಲ್ಲ. ನಿಧಾನಪ್ಪನನ್ನು ಕೆಲಸದಿಂದ ತೆಗೆದರು. ಸಾಹೇಬರು ಕೈ ತೊಳೆದುಕೊಂಡರು. ಇನ್ನು ಮುಂದೆ ಸರ್ವರಿನ ಮೇಲೆ ಯಾರೂ ಟ್ರೇಸ್ ದಾಖಲಿಸಕೂಡದೆಂಬ ಆದೇಶ ಗೋಡೆಗೆ ಅಂಟಿತು.

ಈಗ ಅವರು ತಮ್ಮ ಬಾಮೈದನ ಜೆರಾಕ್ಸ್ ಅಂಗಡಿಯಲ್ಲಿದ್ದಾರೆ. ಮೊನ್ನೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ನೋಡಲು ಹೋಗಿದ್ದೆ. ಬಡವಾಗಿದ್ದರು. ಕೂರಲು ಸ್ಟೂಲ್ ಕೊಟ್ಟು, ಮೊದಲು ಕೇಳಿದ್ದೇ ಇದು:

"ಆ ಹಳೇ ಹ್ಯಾಂಗು ಸಿಕ್ತೇನಮ್ಮ? ಅವತ್ತು ಬೆಳಗ್ಗೆ ಆಯ್ತಲ್ಲ, ಆಗಿನ್ನೂ ಡಿಸ್ಕ್ ತುಂಬಿರ್ಲಿಲ್ಲ. ಅದೇ ಫೈಲಿನ ಮೊದಲ ಭಾಗದಲ್ಲಿ ಇದ್ದೇ ಇರುತ್ತೆ. ಯಾರಾದ್ರೂ ತೆಗೆದು ನೋಡಿದ್ರಾ?"

ಆ ಫೈಲು ಸಾಕ್ಷಿಯೆಂದು ಸೀಲಾಗಿ ಯಾವುದೋ ಬೀರುವಿನಲ್ಲಿದೆ. ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ.

"ಸಿಕ್ತಣ್ಣ. ಸರಿ ಮಾಡಿದ್ರು. ಈಗೆಲ್ಲ ಚೆನ್ನಾಗಿದೆ" ಎಂದೆ.

ಅವರ ಕಣ್ಣುಗಳು ಹೊಳೆದವು. ಎಷ್ಟೋ ತಿಂಗಳ ಮೇಲೆ ಆ ಮುಖದಲ್ಲಿ ಜೀವ ಕಂಡಿತು. "ಹೌದಾ! ಏನಂತೆ ಕಾರಣ? ಯಾವುದು ಕಾಯ್ತಿತ್ತಂತೆ?"

ನಾನು ಕೈಗಡಿಯಾರ ನೋಡಿಕೊಂಡೆ. ಅವರು ನನ್ನ ಮುಖ ನೋಡಿದರು. ಆಮೇಲೆ ಯಂತ್ರದ ಮುಚ್ಚಳ ಎತ್ತಿ, ಯಾರದೋ ಹಾಳೆಯನ್ನು ನೇರ ಮಾಡಿಟ್ಟರು.

"ಹೊರಡಮ್ಮ, ಡ್ಯೂಟಿಗೆ ಹೊತ್ತಾಯ್ತು."

ಹೋಗಿ ಕೂತೆ. ಮಧ್ಯಾಹ್ನ ಒಬ್ಬ ಅಪ್ಪನ ಕರೆ ಬಂತು, ಮಗು ಕಣ್ಣು ಬಿಡುತ್ತಿಲ್ಲವೆಂದ. ಟೈಪ್ ಮಾಡಿ ಗುಂಡಿ ಒತ್ತಿದೆ. ಚಕ್ರ ತಿರುಗತೊಡಗಿತು. "ಲೈನಲ್ಲೇ ಇರಿ" ಎಂದು ಹೇಳಿ, ಪೆನ್ನು ತೆಗೆದು ವಿಳಾಸವನ್ನು ಅಂಗೈ ಮೇಲೆ ಬರೆದುಕೊಂಡೆ.