ಪದ್ಮಕ್ಕನ ಫ್ಯಾಕ್ಸು

ನಮ್ಮ ಮನೆಯಲ್ಲಿ ಫ್ರಿಜ್ಜಿನ ಪಕ್ಕ ಒಂದು ಫ್ಯಾಕ್ಸ್ ಯಂತ್ರವಿದೆ ಎಂದು ಹೇಳಿಕೊಳ್ಳಲು ನನಗೆ ಮೊದಲೆಲ್ಲ ನಾಚಿಕೆಯಾಗುತ್ತಿತ್ತು. ಬಂದವರು ಅದನ್ನು ರೊಟ್ಟಿ ಮಾಡುವ ಹೊಸ ಯಂತ್ರವೆಂದು ತಿಳಿದು, "ಎಲ್ಲಿ ಸಿಗತೈತ್ರೀ?" ಎಂದು ಕೇಳಿದರೆ ಚಹಾ ತರುವ ನೆಪದಲ್ಲಿ ಒಳಗೆ ಸರಿಯುತ್ತಿದ್ದೆ.

ಉದ್ಯಮಬಾಗದಲ್ಲಿರುವ ನಮ್ಮವರ ವರ್ಕ್‌ಶಾಪಿಗೆ ಒಂದು ಕಾಲದಲ್ಲಿ ಡ್ರಾಯಿಂಗುಗಳೆಲ್ಲ ಫ್ಯಾಕ್ಸಿನಲ್ಲೇ ಬರುತ್ತಿದ್ದವು. ಅಲ್ಲಿಂದ ನಿವೃತ್ತಿಯಾದ ಎರಡು ಯಂತ್ರಗಳಲ್ಲಿ ಒಂದು ನಮ್ಮಲ್ಲಿ ಉಳಿಯಿತು, ಇನ್ನೊಂದು ಖಾನಾಪುರದಲ್ಲಿ ನಮ್ಮವರ ಅಕ್ಕ ಪದ್ಮಕ್ಕನ ಮನೆ ಸೇರಿತು. ಹದಿನೆಂಟನೆಯ ವಯಸ್ಸಿನಲ್ಲಿ ಬಂದ ಜ್ವರ ಪದ್ಮಕ್ಕನ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿದೆ. ಅವಳ ಲ್ಯಾಂಡ್‌ಲೈನಿಗೆ ಒಂದು ಕೆಂಪು ಬಲ್ಬು ಜೋಡಿಸಿದ್ದಾರೆ, ರಿಂಗಾದರೆ ಮಿನುಗುತ್ತದೆ. ಆಮೇಲೆ ಯಂತ್ರ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಚೀರುತ್ತದೆ. ಓಣಿಗೆ ಓಣಿಯೇ ಹಲ್ಲು ಕಚ್ಚುತ್ತದೆ. ಆ ಹೊತ್ತಿನಲ್ಲಿ ನೆಮ್ಮದಿಯಾಗಿರುವವಳು ಪದ್ಮಕ್ಕ ಒಬ್ಬಳೇ.

ಹೋದ ವರ್ಷ ನಾವೆಲ್ಲ ಸೇರಿ ಅವಳಿಗೆ ಸ್ಮಾರ್ಟ್‌ಫೋನ್ ಕೊಡಿಸಿ ಮನೆಮಂದಿಯ ಗ್ರೂಪಿಗೆ ಸೇರಿಸಿದೆವು. ಸೇರಿಸಿ ಏನು ಮಾಡಿದೆವು? ವಾಯ್ಸ್ ಮೆಸೇಜು ಕಳಿಸಿದೆವು. ಕಿವಿ ಕೇಳದವಳಿಗೆ! ನಾನೂ ಕಳಿಸಿದ್ದೇನೆ, ಕೈಗೆ ಹಿಟ್ಟು ಹತ್ತಿತ್ತು. ಅವಳಿಗೆ ಕೇಳಿಸಲಿ ಎಂದು ತುಸು ಜೋರಾಗಿಯೇ ಮಾತಾಡಿದ್ದೆ.

ಪದ್ಮಕ್ಕನ ಮಗಳು ಶೋಭಾಳಿಗೆ ಗಂಡು ಬಂದಾಗ ಮಾತ್ರ ಇದು ನಗುವ ವಿಷಯವಾಗಿ ಉಳಿಯಲಿಲ್ಲ. ಹುಡುಗಿಗೆ ಹುಡುಗ ಒಪ್ಪಿಗೆಯಾಗಿದ್ದ. ತಂದೆಯಿಲ್ಲದ ಮನೆ, ಹೂಂ ಎನ್ನಬೇಕಾದವಳು ತಾಯಿ. ಅಷ್ಟರಲ್ಲಿ ಗ್ರೂಪಿನಲ್ಲಿ ಹನ್ನೊಂದು ವಾಯ್ಸ್ ಮೆಸೇಜು ಬಿದ್ದವು. ನಮ್ಮವರ ಸೋದರಮಾವ ಭರಮಪ್ಪ ಮಾಮಾನದೇ ನಾಲ್ಕು ನಿಮಿಷದ್ದು: ಹುಡುಗನ ನಡಿಗೆ ಸರಿಯಿಲ್ಲ, ಅವನ ಕಾಕಾನ ಸ್ವಭಾವ ಸರಿಯಿಲ್ಲ. "ಖರೇ ಅದ," ಎಂದು ನಾನೂ ದನಿಗೂಡಿಸಿದ್ದೆ. ಬೇಡವೆಂದು ಹೇಳಿ ಕಳಿಸೋಣ ಎಂಬಲ್ಲಿಗೆ ಮಾತು ಮುಗಿಯಿತು. ತಾಯಿಗೆ ಕಂಡದ್ದು ಏರಿಳಿಯುವ ಹನ್ನೊಂದು ಗೆರೆ. ಅದನ್ನೆಲ್ಲ ಬರೆದು ತೋರಿಸಲು ಶೋಭಾಳಿಗೆ ಮನಸ್ಸಾಗದೆ, ಫೋನು ಬೋರಲಿಟ್ಟು ಎದ್ದು ಹೋದಳಂತೆ.

ಮರುದಿನ ನಮ್ಮ ಫ್ಯಾಕ್ಸ್ ಚೀರಿತು. ಸುರುಳಿಯಿಂದ ಪದ್ಮಕ್ಕನ ದುಂಡಕ್ಷರ ಇಳಿಯಿತು: "ನನ್ನ ಮಗಳ ಬಗ್ಗೆ ಹೇಳೂದಿದ್ದವರು ನಿಮ್ಮ ಮನಿಗೆ ಬಂದು ಬರದು ಕಳಸಲಿ. ಕೆಳಗ ಸಹಿ ಮಾಡಲಿ."

ಭಾನುವಾರ ನಮ್ಮ ಊಟದ ಮೇಜಿಗೆ ಏಳು ಜನ ಪರೀಕ್ಷೆಗೆ ಕೂತರು. ನಾನು ನಮ್ಮ ಕಾನ್ವೆಂಟಿನ ಸಿಸ್ಟರ್ ಥರ ಹಾಳೆ ಹಂಚಿದೆ. ಮಾಮಾ ಆಗಲೇ ಪಕ್ಕದ ಹಾಳೆ ಇಣುಕುತ್ತಿದ್ದರು.

"ನಡಿಗಿ ಬಗ್ಗೆ ಹೆಂಗ ಬರೀಲಿವಾ? ಕಾಗದದ ಮ್ಯಾಲೆ ಚಲೋ ಕಾಣೂದಿಲ್ಲ," ಎಂದರು ನನಗೆ.

"ಗ್ರೂಪಿನ್ಯಾಗ ಚಲೋ ಕಾಣತಿತ್ತೇನ್ರಿ, ಮಾಮಾ?" ಎಂದರು ನಮ್ಮವರು.

"ಅದು ಬರೇ ಮಾತಪಾ! ಇಲ್ಲಿ ಸಹಿ ಮಾಡಬೇಕಲ್ಲ."

ಅರ್ಧ ಗಂಟೆ ಮತ್ತು ಎರಡು ಕಪ್ ಚಹಾ ಮುಗಿದ ಮೇಲೆ ಮಾಮಾ ಬರೆದದ್ದು: "ಹುಡುಗ ಚಲೋ ಅದಾನ. ಸಾವಕಾಶ ನಡೀತಾನ." ಉಳಿದವರದು ಇನ್ನೂ ಚಿಕ್ಕದು. ನಾನು ಎರಡು ಹಾಳೆ ಹರಿದು, ಮೂರನೆಯದರಲ್ಲಿ "ಶೋಭಾಗ ಮನಸ್ಸಿದ್ದರ ನಮಗೂ ಸಂತೋಷ" ಎಂದೆ.

ಕಿವುಡರು ಹಳೆಯ ಯಂತ್ರಕ್ಕೆ ಯಾಕೆ ಅಂಟಿಕೊಳ್ಳುತ್ತಾರೆ ಎಂದು ಯಾರಾದರೂ ಕೇಳಿದರೆ ಈಗ ನಾನು ಒಳಗೆ ಸರಿಯುವುದಿಲ್ಲ. ಹೊಸ ಫೋನಿನಲ್ಲಿ ಬರೆಯಬಹುದು, ಖರೆ, ಬರೆಯದೆಯೂ ಇರಬಹುದು. ಸೋಮಾರಿಗಳಾದ ನಾವು ಎರಡನೆಯದನ್ನೇ ಹಿಡಿಯುತ್ತೇವೆ. ಪಾಪ, ಫ್ಯಾಕ್ಸಿಗೆ ಬೇರೆ ದಾರಿಯೇ ಗೊತ್ತಿಲ್ಲ. ಅದು ಕಿವುಡರಿಗಾಗಿ ಇರುವುದಕ್ಕಿಂತ, ಕಿವಿಯಿದ್ದವರನ್ನು ಕೂರಿಸಿ ಬರೆಸುವುದಕ್ಕೇ ಇದೆ.

ಆ ಭಾನುವಾರ ಹಾಳೆಗಳನ್ನೆಲ್ಲ ಕಳಿಸಿದ ಹತ್ತು ನಿಮಿಷದಲ್ಲಿ ಉತ್ತರ ಬಂತು: "ಎಲ್ಲಾರ ಸಹಿ ಮುಟ್ಟಿದವು. ನಂದೂ ಹೂಂ. ಗಂಡಿನವರಿಗೆ ತಿಳಸ್ರಿ. ಈ ಹಾಳಿ ನಾ ಕಾಯ್ದಿಡತೀನಿ."

ಮಾಮಾ ಅದನ್ನು ಎರಡು ಸಲ ಓದಿದರು. ಆಮೇಲೆ ನನ್ನ ಹತ್ತಿರ ಸರಿದು ದನಿ ತಗ್ಗಿಸಿ ಕೇಳಿದರು: "ಇದರಾಗ ಕಳಿಸಿದ್ದು ಡಿಲೀಟ್ ಮಾಡಾಕ ಬರತೈತೇನವಾ?"

"ಇಲ್ರಿ ಮಾಮಾ, ಹಳೇ ಮಶೀನು," ಎಂದೆ. "ಅಂದದ್ದು ಅಂದಂಗ."